ಕುಪ್ಪೇಲೂರಿನ ನೂರಾ ಹನ್ನೆರಡನೆಯ ಮನೆ

ರಾಣೆಬೆನ್ನೂರು
21 ಸೆಪ್ಟೆಂಬರ್ 2025

ಚೇತನಾ,

ಜೈಲಿನ ಫೋನಿನಲ್ಲಿ ಸಿಗುವ ಐದು ನಿಮಿಷದಲ್ಲಿ ಹೇಳಲಾಗದ ಮಾತು ಇದು. ಅದಕ್ಕೇ ಬರೆಯುತ್ತಿದ್ದೇನೆ.

ನಾಳೆಯಿಂದ ಮನೆಮನೆ ಸಮೀಕ್ಷೆ ಶುರು. ಈ ಸಲ ದಸರೆಯ ರಜೆ ಶಿಕ್ಷಕರಿಗಿಲ್ಲ. ಒಬ್ಬೊಬ್ಬರಿಗೆ ನೂರೈವತ್ತರ ಹತ್ತಿರ ಮನೆ, ಮನೆಗೆ ಅರವತ್ತು ಪ್ರಶ್ನೆ, ಎಲ್ಲವೂ ಮೊಬೈಲಿನಲ್ಲಿ. ಕರೆಂಟಿನ ಮೀಟರ್ ಓದುವವರು ಮೊದಲೇ ಬಂದು ಪ್ರತಿ ಬಾಗಿಲಿಗೂ ನಂಬರಿನ ಚೀಟಿ ಅಂಟಿಸಿ ಹೋಗಿದ್ದಾರೆ. ನನಗೆ ಕುಪ್ಪೇಲೂರು ಬಂದಿದೆ. ಪಟ್ಟಿಯಲ್ಲಿ ನೂರಾ ಹನ್ನೆರಡನೆಯ ಮನೆ ಗುಡ್ಡಪ್ಪನದು. ಮೈಲೇಶನ ತಂದೆ.

ಮೇಲ್ವಿಚಾರಕರ ಹತ್ತಿರ ಹೋಗಿ ಹಲಗೇರಿ ಕೊಡಿ ಎಂದು ಕೇಳಿದೆ. "ಕಾರಣ ಏನ್ರಿ ಅಕ್ಕೋರ? ಎಲ್ಲಾರೂ ಬ್ಯಾರೆ ಊರು ಕೇಳಿದ್ರ ನಾ ಯಾರ್ನ ಕಳಸ್ಲಿ?" ಎಂದರು. ಆ ಮನೆಯ ಮಗನನ್ನು ಕೊಂದ ಆರೋಪದ ಮೇಲೆ ನನ್ನ ಮಗ ಒಳಗಿದ್ದಾನೆ ಎಂದು ಹೇಳಲಿಲ್ಲ. ಸಮೀಕ್ಷೆಯ ಕಿಟ್ ಇದ್ದ ಚೀಲ ತೆಗೆದುಕೊಂಡು ಬಂದೆ.

ವಕೀಲರು ಮೊನ್ನೆ ಬಂದಿದ್ದರು. ಕೇಸು ಒಂದೇ ಮಾತಿನ ಮೇಲೆ ನಿಂತಿದೆ ಎಂದರು. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಮೈಲೇಶ ಮೊದಲು ನಿನ್ನ ಕುತ್ತಿಗೆಗೆ ಚೀಲ ಎಳೆಯುವ ಹಮಾಲಿಯ ಹುಕ್ಕು ಎತ್ತಿದ, ನೀನು ಜೀವ ಉಳಿಸಿಕೊಳ್ಳಲು ನಿನ್ನ ಟೆಂಪೋದ ಜಾಕ್ ರಾಡು ಬೀಸಿದಿ. ಅದನ್ನು ಕಣ್ಣಾರೆ ಕಂಡೆ ಎಂದು ಅವತ್ತು ಪೇಟೆಯಲ್ಲಿದ್ದ ಮುಸ್ತಾಕ್ ಹೇಳಬೇಕು. ಅವನು ಹೇಳುತ್ತಾನೆ. ನನ್ನ ಹತ್ತಿರ ಅಕ್ಷರ ಕಲಿತವನು, ಏಪ್ರಿಲ್‌ನಲ್ಲಿ ನಾನು ಅವನ ಮನೆಗೆ ಹೋಗಿ ಕೈ ಮುಗಿದು ಕೇಳಿದ್ದೇನೆ. ಚೀಲಗಳ ಹಿಂದೆ ಇದ್ದುದರಿಂದ ಸರಿಯಾಗಿ ಕಾಣಲಿಲ್ಲ ಎಂದಿದ್ದ. ನಡೆದದ್ದನ್ನೇ ಹೇಳು, ಕಂಡೆ ಅಂತ ಹೇಳು, ಅಷ್ಟೇ ವ್ಯತ್ಯಾಸ ಎಂದಿದ್ದೆ.

ಹೊಟ್ಟೆ ತುಂಬ ಉಣ್ಣು. ಯಾರ ತಂಟೆಗೂ ಹೋಗಬೇಡ.

ನಿನ್ನ ಅವ್ವ,
ಸುಧಾರಾಣಿ


ಕಾರಾಗೃಹ
27 ಸೆಪ್ಟೆಂಬರ್ 2025

ಅವ್ವಾ,

ಆ ಮನೆಗೆ ಹೋಗಬೇಡ. ಮೂರು ಸಲ ಹೋದೆ, ಬೀಗ ಇತ್ತು ಅಂತ ಬರೆದುಬಿಡು. ಯಾರು ನೋಡುತ್ತಾರೆ? ಒಂದು ಮನೆ ಬಿಟ್ಟರೆ ಸರಕಾರ ಮುಳುಗುವುದಿಲ್ಲ.

ಅವರು ಒಳ್ಳೆಯ ಮಂದಿಯಲ್ಲ. ಪೋಸ್ಟ್‌ಮಾರ್ಟಂ ದಿನ ಅವನ ಅಪ್ಪ ದವಾಖಾನೆಯ ಮುಂದೆ, ನನ್ನನ್ನು ತಪಾಸಣೆಗೆ ತಂದಿದ್ದ ಪೊಲೀಸ್ ವ್ಯಾನಿಗೆ ಕಲ್ಲು ಎಸೆದ. ಕಲ್ಲು ಕಿಟಕಿಯ ಸರಳಿಗೆ ಬಡಿದು ಪುಡಿಯಾಯಿತು, ಇಲ್ಲದಿದ್ದರೆ ನನ್ನ ಕಣ್ಣು ಹೋಗುತ್ತಿತ್ತು. ಇದನ್ನು ನಿನಗೆ ಹೇಳಿರಲಿಲ್ಲ.

ಇಲ್ಲಿ ಮೊನ್ನೆ ಹಾಸಿಗೆಯ ಜಾಗಕ್ಕೆ ಜಗಳವಾಯಿತು. ಒಬ್ಬ ಇನ್ನೊಬ್ಬನ ತಲೆಯನ್ನು ಹಿಡಿದು ನೀರಿನ ತೊಟ್ಟಿಯ ಅಂಚಿಗೆ ನಾಲ್ಕು ಸಲ ಕುಟ್ಟಿದ. ನಾವು ನೋಡುತ್ತಾ ನಿಂತಿದ್ದೆವು. ತೊಟ್ಟಿ ತೊಳೆಯುವ ಪಾಳಿ ನನಗೆ ಬಂತು. ಇಂಥ ಜಾಗದಲ್ಲಿ ನನ್ನನ್ನು ಎಷ್ಟು ವರ್ಷ ಇಡಬೇಕೆಂದಿದ್ದಿ? ಮುಸ್ತಾಕ್ ಸರಿಯಾಗಿ ಹೇಳಿದರೆ ನಾನು ಬರುವ ಯುಗಾದಿಗೆ ಮನೆಯಲ್ಲಿರುತ್ತೇನೆ. ನೀನು ಹೋಗಿ ಕೆದಕಬೇಡ.

ಚೇತನಕುಮಾರ


ರಾಣೆಬೆನ್ನೂರು
4 ಅಕ್ಟೋಬರ್ 2025

ಚೇತನಾ,

ಹೋಗಿದ್ದೆ.

ಬೀಗ ಅಂತ ಬರೆಯುವ ಮನಸ್ಸಿನಿಂದಲೇ ಆ ಓಣಿಗೆ ಕಾಲಿಟ್ಟಿದ್ದು. ಆದರೆ ಕಟ್ಟೆಯ ಮೇಲೆ ಒಬ್ಬ ಮುದುಕಿ ಶೇಂಗಾ ಸುಲಿಯುತ್ತಾ ಕುಳಿತಿದ್ದಳು. ನನ್ನ ಕೊರಳಿನ ಕಾರ್ಡು ನೋಡಿ, "ಎಲ್ಲಾ ಮನಿ ಮುಗಿಸಿ ಬಂದ್ರಿ, ನಮ್ಮನ್ಯಾಕ ಬಿಟ್ಟೀರಿ ಅಕ್ಕೋರ? ಬರ್ರಿ, ಕುಂದ್ರಿ," ಎಂದಳು. ಉಚ್ಚಂಗೆವ್ವ, ಮೈಲೇಶನ ತಾಯಿ. ಓದಲು ಬಾರದವಳು, ಕಾರ್ಡಿನಲ್ಲಿದ್ದ ಹೆಸರು ಅವಳಿಗೆ ಬರೀ ಗೀಟು. ಗುಡ್ಡಪ್ಪ ಹೊಲಕ್ಕೆ ಹೋಗಿದ್ದ. ಒಳಗಿನಿಂದ ಸೊಸೆ ಶೀಲಾ ನೀರು ತಂದಳು. ಇಪ್ಪತ್ತೆರಡಿರಬಹುದು. ನಾನು ಕಾರ್ಡನ್ನು ಸೆರಗಿನೊಳಗೆ ಹಾಕಿಕೊಂಡೆ.

ರೇಷನ್ ಕಾರ್ಡಿನ ನಂಬರು ಹಾಕಿದರೆ ಮನೆಯವರ ಹೆಸರು ತಾವಾಗಿಯೇ ಮೊಬೈಲಿನಲ್ಲಿ ಬರುತ್ತವೆ. ನಾಲ್ಕು ಬಂದವು. ಮೂರನೆಯದು ಮೈಲೇಶ, ವಯಸ್ಸು ಇಪ್ಪತ್ತೇಳು. ಅದನ್ನು ತೆಗೆದು, ಪಕ್ಕದಲ್ಲಿ ಕಾರಣ ಒತ್ತಬೇಕು. ನನ್ನ ಬೆರಳು ಅಲ್ಲಿಯೇ ನಿಂತಿತು.

"ಯಾರ್ಯಾರು ಇರ್ತೀರಿ ಯವ್ವಾ ಮನ್ಯಾಗ?"

"ನಾಕ ಮಂದಿ ಬರೀರಿ."

ಶೀಲಾ ಬಾಗಿಲ ಚೌಕಟ್ಟು ಹಿಡಿದು, "ಮೂರ ಮಂದ್ರಿ," ಎಂದಳು.

"ನೀ ಸುಮ್ಕಿರು," ಎಂದಳು ಮುದುಕಿ. "ನನ್ನ ಮಗನ್ನೂ ಬರೀರಿ ಅಕ್ಕೋರ."

"ತೀರಿಕೊಂಡೋರ್ನ ಬರಿಯಾಕ ಬರಂಗಿಲ್ಲ ಯವ್ವಾ."

"ತೀರಿಕೊಂಡಿಲ್ಲ ಅಂವಾ. ಬಡದು ಕೊಂದಾರ. ಹನ್ನೊಂದ ದಿನ ದವಾಖಾನ್ಯಾಗ ಕಿವ್ಯಾಗಿಂದ ರಕ್ತ ಸೋರಿ ಹ್ವಾದ. ಬೆಳಿಗ್ಗೆ ಇದs ಕಟ್ಟಿ ಮ್ಯಾಲೆ ರೊಟ್ಟಿ ತಿಂದು ಹೋದಂವಾ. ಅಂವನ್ನ ಬಿಟ್ಟು ಬರಿಯೂದಾದ್ರ ನನ್ನೂ ಬಿಡ್ರಿ."

ಮೊಬೈಲನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು, ಬರೆಯುವವಳಂತೆ ಒಂದೊಂದೇ ಪ್ರಶ್ನೆ ಅವನ ಹೆಸರಿನಲ್ಲಿ ಕೇಳಿದೆ. ಓದು ಎಷ್ಟು? ಏಳನೆಯ ಇಯತ್ತೆ. ಮದುವೆಯಾದಾಗ ವಯಸ್ಸು? ಇಪ್ಪತ್ಮೂರು. ಕೆಲಸ? ಬ್ಯಾಡಗಿಯಲ್ಲಿ ಹಮಾಲಿ. ಅವಳು ಹೊಲ ಬಿತ್ತುವವಳ ಹಾಗೆ ಅವಸರವಿಲ್ಲದೆ ಉತ್ತರ ಕೊಟ್ಟಳು. ಮುಗಿಯುವ ಹೊತ್ತಿಗೆ ಶೀಲಾ ಚಹಾ ತಂದಿಟ್ಟಿದ್ದಳು. ಅವರ ಮನೆಯ ಚಹಾ ಕುಡಿದೆ.

ಹೊರಗೆ ಬಂದು ಹುಣಸೆಮರದ ಕೆಳಗೆ ನಿಂತು, ಮೂರೇ ಜನ ಎಂದು ದಾಖಲಿಸಿ ಕಳಿಸಿದೆ.

ನನಗೊಂದು ಮಾತು ಬೇಕು. ಅವತ್ತು ಮೈಲೇಶ ಯಾವ ಕೈಯಲ್ಲಿ ಹುಕ್ಕು ಎತ್ತಿದ? ನಡೆದದ್ದು ನಡೆದ ಹಾಗೆ ಬರೆ.

ಅವ್ವ


ಕಾರಾಗೃಹ
11 ಅಕ್ಟೋಬರ್ 2025

ಅವ್ವಾ,

ಬೇಡ ಅಂದರೂ ಹೋದಿ. ಕೊಂದವನ ತಾಯಿ ಅಂತ ಗೊತ್ತಾಗಿದ್ದರೆ ಆ ಚಹಾದಲ್ಲಿ ಏನು ಹಾಕಿ ಕೊಡುತ್ತಿದ್ದರೋ.

ಎಷ್ಟು ಸಲ ಹೇಳಲಿ. ಬಲಗೈ. ಬಲಗೈಯಲ್ಲಿ ಹುಕ್ಕನ್ನು ಗಟ್ಟಿಯಾಗಿ ಹಿಡಿದು ತಲೆಯ ಮೇಲಿನಿಂದ ಬೀಸಿದ. ನಾನು ಬಗ್ಗಿದೆ. ಎರಡನೆಯ ಸಲ ಬೀಸುವ ಮೊದಲು ಹೊಡೆದೆ. ವಕೀಲರ ಕಾಗದದಲ್ಲೂ ಹಾಗೇ ಇದೆ. ನೀನೂ ಪೊಲೀಸರ ಹಾಗೆ ಕೇಳಲು ಶುರು ಮಾಡಬೇಡ.

ಚೇತನ


ರಾಣೆಬೆನ್ನೂರು
16 ಅಕ್ಟೋಬರ್ 2025

ಚೇತನಾ,

ಕಳೆದ ಪತ್ರದಲ್ಲಿ ಒಂದು ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೆ. ಸಮೀಕ್ಷೆಯಲ್ಲಿ ಅಂಗವೈಕಲ್ಯದ ಬಗ್ಗೆಯೂ ಕೇಳಬೇಕು. ಅದನ್ನೂ ಉಚ್ಚಂಗೆವ್ವನಿಗೆ ಕೇಳಿದ್ದೆ.

ಅವಳು ಹೇಳಿದ್ದು: "ಬಲಗೈ ಇರಲಿಲ್ರಿ ಅವಂಗ. ನೋಡಾಕ ಚಲೋ ಇತ್ತು, ಹಿಡತಾನ ಇರಲಿಲ್ಲ. ಎರಡ ವರ್ಷದ ಹಿಂದ ಲಾರಿ ಮ್ಯಾಲಿಂದ ಬಿದ್ದು ಹೆಗಲಿನ ನರ ಹರೀತು. ಚಾದ ಕಪ್ಪು ಸೈತ ಎಡಗೈಲೆ ಹಿಡೀತಿದ್ದ."

ಶೀಲಾ ಅಂಗಿಯ ಗುಂಡಿಯನ್ನು ತಾನೇ ಹಾಕುತ್ತಿದ್ದಳಂತೆ. ಪೇಟೆಯಲ್ಲಿ ಗೊತ್ತಾದರೆ ಹಮಾಲರ ಗುಂಪಿನಿಂದ ತೆಗೆಯುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಬೆನ್ನು ಗಟ್ಟಿ ಇತ್ತು, ಎಡಗೈ ಇತ್ತು, ಹೇಗೋ ಚೀಲ ಹೊರುತ್ತಿದ್ದ. ಸತ್ತ ಮೇಲೆ ಪೊಲೀಸರು ತಲೆಯ ಗಾಯ ಕೇಳಿದರು, ಕೈಯನ್ನು ಯಾರೂ ಕೇಳಲಿಲ್ಲ.

ಚಹಾದ ಕಪ್ಪು ಹಿಡಿಯಲಾಗದ ಕೈಯಲ್ಲಿ ಹುಕ್ಕು ಎತ್ತಿದ ಎಂದು ನೀನು ನನಗೆ ಎರಡು ಸಲ ಹೇಳಿದ್ದಿ. ಈಗ ಬರೆದೂ ಕೊಟ್ಟಿದ್ದಿ.

ನಿನ್ನ ಪತ್ರ ಬಂದ ದಿನವೇ ಬ್ಯಾಡಗಿಗೆ ಹೋಗಿ ಮುಸ್ತಾಕ್‌ನನ್ನು ಕಂಡೆ. ಹಂಗಾಮು ಇನ್ನೂ ಶುರುವಾಗಿಲ್ಲ, ಆದರೂ ಆ ಅಂಗಳದ ಮಣ್ಣಿನಲ್ಲೇ ಖಾರವಿದೆ. ಇಬ್ಬರೂ ಸೀನುತ್ತಾ ಕಣ್ಣೊರೆಸಿಕೊಳ್ಳುತ್ತಾ ನಿಂತೆವು. "ಖರೇ ಹೇಳು, ನೀ ಏನ್ ಕಂಡಿ?" ಎಂದೆ. ಅವನು ಸುತ್ತ ಒಮ್ಮೆ ನೋಡಿದ. ಆಮೇಲೆ, "ಅಕ್ಕೋರ, ಅಂವನ್ನ ಎತ್ತಿ ಗಾಡ್ಯಾಗ ಹಾಕಿದಂವಾ ನಾನs. ಹುಕ್ಕು ಅಂವನ ಸೊಂಟದ ಪಟ್ಟಿಯೊಳಗs ಇತ್ತು. ತಗದs ಇರಲಿಲ್ಲ. ನೀವು ಕೈ ಮುಗದ್ರಿ ಅಂತ ಹೂಂ ಅಂದಿದ್ದೆ," ಎಂದ.

ಕಲಿಸಿದವಳು ಕೈ ಮುಗಿದಿದ್ದಕ್ಕೆ ಅವನು ಸುಳ್ಳು ಹೇಳಲು ಒಪ್ಪಿದ್ದ. ನೀನು ಕಂಡದ್ದನ್ನೇ ಕೋರ್ಟಿನಲ್ಲಿ ಹೇಳು ಎಂದು ಹೇಳಿ ಬಂದಿದ್ದೇನೆ.

ಅವ್ವ


ಕಾರಾಗೃಹ
22 ಅಕ್ಟೋಬರ್ 2025

ನೀನು ತಾಯಿಯೇ ಅಲ್ಲ. ಬೇರೆಯವರ ಮನೆಯ ಕಟ್ಟೆಯ ಮೇಲೆ ಕುಳಿತು, ಹೆತ್ತ ಮಗನಿಗೆ ಹಗ್ಗ ಹೊಸೆದು ಬಂದವಳು.

ಮುಸ್ತಾಕ್‌ನ ಚಿಂತೆ ನಿನಗೆ ಬೇಡ. ನಿನ್ನೆ ಗೆಳೆಯ ಮಧು ಭೇಟಿಗೆ ಬಂದಿದ್ದ. ಅವನ ಹತ್ತಿರ ಮಧು ಮಾತಾಡುತ್ತಾನೆ.

ಚೇತನಕುಮಾರ


ರಾಣೆಬೆನ್ನೂರು
9 ನವೆಂಬರ್ 2025

ಚೇತನಕುಮಾರ,

ನಿನ್ನ ಗೆಳೆಯ ಮಧು ಮಾತಾಡಿದ ರೀತಿ ಹೀಗಿದೆ. ಗುರುವಾರ ಬೆಳಿಗ್ಗೆ ಮುಸ್ತಾಕ್ ಸೈಕಲ್ಲಿನಲ್ಲಿ ಪೇಟೆಗೆ ಹೋಗುವಾಗ ಹಿಂದಿನಿಂದ ಬೈಕು ಗುದ್ದಿಸಿ ಬೀಳಿಸಿದರು. ಮಧು ಮತ್ತು ನನಗೆ ಗೊತ್ತಿಲ್ಲದ ಇನ್ನೊಬ್ಬ. ಕಬ್ಬಿಣದ ಪೈಪಿನಿಂದ ಬಲಗಾಲಿನ ಮೊಳಕಾಲಿಗೆ, ಅದು ಮುರಿದ ಮೇಲೆ ದವಡೆಗೆ. ಹೊಲಕ್ಕೆ ಹೊರಟಿದ್ದ ಹೆಂಗಸರು ಕೂಗಿಕೊಂಡಿದ್ದಕ್ಕೆ ಬಿಟ್ಟು ಓಡಿದರು. ಆರು ಹಲ್ಲು ಹೋಗಿವೆ. ದವಡೆಗೆ ತಂತಿ ಕಟ್ಟಿದ್ದಾರೆ. ಗಂಜಿಯನ್ನು ಕೊಳವೆಯಿಂದ ಹೀರುತ್ತಾನೆ.

ಅವನ ಹೆಂಡತಿ ಮುಮ್ತಾಜಬಿ ಶಾಲೆಗೆ ಬಂದಿದ್ದಳು. ಐದನೆಯ ತರಗತಿಗೆ ಭಾಗಾಕಾರ ಹೇಳುತ್ತಿದ್ದೆ. ಬಾಗಿಲಲ್ಲಿ ನಿಂತು, ಮಕ್ಕಳೆಲ್ಲ ಕೇಳುವ ಹಾಗೆ, "ಮೊದಲ ಸುಳ್ಳ ಹೇಳು ಅಂದ್ರಿ, ಆಮ್ಯಾಲೆ ಖರೇ ಹೇಳು ಅಂದ್ರಿ. ಎರಡೂ ನೀವs ಹೇಳಿದ್ರಿ. ಹೊಡತ ತಿಂದಂವಾ ಮಾತ್ರ ನನ್ನ ಗಂಡ," ಎಂದಳು. ಅಳಲಿಲ್ಲ.

ಅವಳ ಜೊತೆಗೇ ಹೊರಟು ಠಾಣೆಗೆ ಹೋದೆ. ನಿನ್ನ ಪತ್ರ ನನ್ನ ಚೀಲದಲ್ಲಿತ್ತು, ಜೈಲಿನ ಮುದ್ರೆ ಸಮೇತ. "ಅವನ ಹತ್ತಿರ ಮಧು ಮಾತಾಡುತ್ತಾನೆ" ಎಂಬ ಸಾಲಿನ ಕೆಳಗೆ ಗೆರೆ ಎಳೆದು ಕೊಟ್ಟೆ. ಇದು ನನ್ನ ಮಗನ ಅಕ್ಷರ, ಒಂದನೆಯ ತರಗತಿಯಿಂದ ನಾನೇ ತಿದ್ದಿಸಿದ್ದು ಎಂದು ಹೇಳಿಕೆ ಬರೆಸಿ ಸಹಿ ಮಾಡಿದೆ. ಏಪ್ರಿಲ್‌ನಲ್ಲಿ ಮುಸ್ತಾಕ್‌ನಿಗೆ ಸುಳ್ಳು ಹೇಳಲು ಕೇಳಿದವಳು ನಾನೇ ಎಂದೂ ಬರೆಸಿದೆ. ಮಧುವನ್ನು ಶನಿವಾರ ಹಿಡಿದರು.

ಇದನ್ನು ಬೇರೆಯವರ ಬಾಯಿಂದ ನೀನು ಕೇಳಬಾರದು ಎಂದು ಬರೆದಿದ್ದೇನೆ.

ಸುಧಾರಾಣಿ


ರಾಣೆಬೆನ್ನೂರು
23 ಡಿಸೆಂಬರ್ 2025

ಚೇತನಾ,

ನಾನು ಬರೆದು ಆರು ವಾರವಾಯಿತು, ನಿನ್ನ ಉತ್ತರವಿಲ್ಲ. ಈ ಅಕ್ಷರ ನೋಡಿ ಯಾರೋ ಮಕ್ಕಳು ಬರೆದದ್ದು ಅಂದುಕೊಳ್ಳಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಭಾನುವಾರ ಕುಪ್ಪೇಲೂರಿಗೆ ಹೋಗಿದ್ದೆ. ಸಮೀಕ್ಷೆ ಮುಗಿದು ಎರಡು ತಿಂಗಳಾಯಿತು, ಕೊರಳಿನಲ್ಲಿ ಕಾರ್ಡು ಇರಲಿಲ್ಲ. ಗುಡ್ಡಪ್ಪ ಅಂಗಳದಲ್ಲಿ ಮೆಣಸಿನಗಿಡಕ್ಕೆ ಹೊಡೆಯುವ ಪಂಪು ತೊಳೆಯುತ್ತಿದ್ದ. ಉಚ್ಚಂಗೆವ್ವ ನನ್ನನ್ನು ಗುರುತು ಹಿಡಿದು, "ಬರ್ರಿ ಅಕ್ಕೋರ," ಎಂದಳು. ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ. "ನಾನು ಚೇತನಕುಮಾರನ ತಾಯಿ. ನಿಮ್ಮ ಮಗ ಹುಕ್ಕು ಎತ್ತಿದ ಅಂತ ಕೋರ್ಟಿನಲ್ಲಿ ಹೇಳಿಸಲು ಹೊರಟಿದ್ದವಳು ನಾನು. ಅದು ಸುಳ್ಳು ಅಂತ ನನಗೆ ಗೊತ್ತಾದದ್ದು ಇದೇ ಕಟ್ಟೆಯ ಮೇಲೆ. ಮೈಲೇಶನ ಕೈಯ ವಿಷಯ ನಿಮ್ಮ ವಕೀಲರಿಗೆ ಹೇಳಿ, ಹಳೆಯ ದವಾಖಾನೆಯ ಚೀಟಿ ಇದ್ದರೆ ಕೊಡಿ."

ಗುಡ್ಡಪ್ಪ ಪಂಪನ್ನು ಮೆಲ್ಲಗೆ ಕೆಳಗಿಟ್ಟ. "ಇಕಿ ನಮ್ಮನ್ಯಾಗ ಚಾ ಕುಡದಾಳೇನು?" ಎಂದು ಹೆಂಡತಿಯನ್ನು ಕೇಳಿದ. ಗೋಡೆಗೆ ಒರಗಿಸಿದ್ದ ಬಾರುಕೋಲು ತೆಗೆದುಕೊಂಡ.

ಮೊದಲ ಏಟು ಹೆಗಲಿಗೆ. ಎರಡನೆಯದು ತಲೆಗೆ ಬರುತ್ತಿತ್ತು, ಬಲಗೈ ಅಡ್ಡ ಹಿಡಿದೆ. ಮೊಣಕೈ ಕೆಳಗೆ ಕಟ್ ಎಂದದ್ದು ನನಗೇ ಕೇಳಿಸಿತು. ಬಿದ್ದ ಮೇಲೂ ಹೊಡೆದ. ಬೆನ್ನಿಗೆ, ಸೊಂಟಕ್ಕೆ, ಹಿಮ್ಮಡಿಗೆ. ಅವನು ಬೈಯುತ್ತಿರಲಿಲ್ಲ. ಹೊಲದ ಕೆಲಸ ಮಾಡುವವನ ಹಾಗೆ ಉಸಿರು ಬಿಡುತ್ತಾ ಹೊಡೆಯುತ್ತಿದ್ದ. ಶೀಲಾ ಬಂದು ನನ್ನ ಮೇಲೆ ಬಿದ್ದಳು. ಅವಳ ಬೆನ್ನಿಗೂ ಒಂದು ಬಿತ್ತು. "ಮಾವಾ, ಸಾಯ್ತಾಳ, ಸಾಕ ಮಾಡು. ನೀನೂ ಒಳಗ ಹೋದ್ರ ನಮಗ್ಯಾರು?" ಎಂದಳು. ಆಗ ಕೋಲು ಬಿಟ್ಟು ಅಲ್ಲಿಯೇ ಕುಕ್ಕರಿಸಿದ.

ಪೊಲೀಸರು ದವಾಖಾನೆಗೆ ಬಂದರು. ಕರ್ತವ್ಯದ ಮೇಲಿದ್ದ ಸರಕಾರಿ ನೌಕರಳ ಮೇಲೆ ಕೈ ಮಾಡಿದ್ದಾನೆ, ದೊಡ್ಡ ಕೇಸು ಆಗುತ್ತದೆ ಎಂದರು. ನಾನು ಕರ್ತವ್ಯದ ಮೇಲೆ ಹೋಗಿರಲಿಲ್ಲ, ಚೇತನಕುಮಾರನ ತಾಯಿಯಾಗಿ ಹೋಗಿದ್ದೆ, ದೂರು ಇಲ್ಲ ಎಂದೆ. ಕೈಯ ಮೂಳೆಗೆ ಲೋಹದ ಪಟ್ಟಿ ಹಾಕಿ ಸ್ಕ್ರೂ ಬಿಗಿದಿದ್ದಾರೆ.

ಮಧುವಿನ ಮಂದಿಗೆ ಹೇಳು. ಆ ಮನೆಯ ಕಡೆ ಯಾರಾದರೂ ಹೋದರೆ ನಾನು ಅಲ್ಲಿಯೇ ಹೋಗಿ ಇರುತ್ತೇನೆ.

ಅವ್ವ


ಕಾರಾಗೃಹ
18 ಜನವರಿ 2026

ಅವ್ವಾ,

ನಿನ್ನ ಎಡಗೈಯ ಅಕ್ಷರ ಓದಿದ ದಿನ, ಪಕ್ಕದಲ್ಲಿದ್ದವನು ಏನೋ ಕೇಳಿದ, ಅವನ ಮುಖಕ್ಕೆ ಗುದ್ದಿದೆ. ಏನು ಕೇಳಿದ ಎಂಬುದು ಈಗಲೂ ನೆನಪಿಲ್ಲ. ಎಂಟು ದಿನ ಒಬ್ಬನನ್ನೇ ಇಟ್ಟಿದ್ದರು. ಅಲ್ಲಿ ಇದನ್ನು ಮನಸ್ಸಿನಲ್ಲಿ ಬರೆದುಕೊಂಡೆ.

ಮೈಲೇಶ ಹುಕ್ಕು ಎತ್ತಲಿಲ್ಲ. ಚೀಲ ಅವನ ಬೆನ್ನಿನಿಂದ ಜಾರಿ ನನ್ನ ಟೆಂಪೋದ ಕನ್ನಡಿಗೆ ಬಡಿಯಿತು. ಚೀಲ ಒಡೆದು ಕಾಯಿ ಚೆಲ್ಲಿತು. ಸುತ್ತಲಿದ್ದ ನಾಲ್ಕೈದು ಮಂದಿ ನಕ್ಕರು. ನಾನು ಇಳಿದು ಹೋಗಿ, "ಬೇಕಂತ ಮಾಡೀಯೇನಲೇ?" ಎಂದೆ. ಅವನು ಉತ್ತರ ಕೊಡಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಾ ನಿಂತ. ಕೆನ್ನೆಗೆ ಹೊಡೆದೆ. ಆಗಲೂ ಹಾಗೇ ನಿಂತ. ಗಾಡಿಗೆ ಹೋಗಿ ರಾಡು ತಂದೆ. ತರುವಾಗ ಓಡಿ ಹೋಗುತ್ತಾನೆ ಅಂದುಕೊಂಡಿದ್ದೆ. ಓಡಲಿಲ್ಲ. ಮೂರು ಸಲ ಹೊಡೆದೆ. ಎರಡನೆಯದಕ್ಕೆ ಬಿದ್ದ. ಮೂರನೆಯದು ಬಿದ್ದ ಮೇಲೆ.

ಅವನು ನಿಂತ ರೀತಿ ನನಗೆ ಗೊತ್ತಿತ್ತು. ಅಪ್ಪ ಗದರಿಸಿ ಕೇಳಿದಾಗ ನೀನು ಹಾಗೇ ನಿಲ್ಲುತ್ತಿದ್ದಿ. ಅಡುಗೆಮನೆಯ ಬಾಗಿಲಲ್ಲಿ, ನೆಲ ನೋಡುತ್ತಾ. ಆಗೆಲ್ಲ ನನಗೆ ಸಿಟ್ಟು ಬರುತ್ತಿದ್ದುದು ಅಪ್ಪನ ಮೇಲಲ್ಲ.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಕುಟುಂಬ ಆರೋಗ್ಯದ ಸಮೀಕ್ಷೆಗೆ ಅಂತ ಒಬ್ಬ ಹೆಂಗಸು ಬಂದಿದ್ದಳು. ಸಣ್ಣ ಕಂಪ್ಯೂಟರು ತಂದಿದ್ದಳು. ಎಷ್ಟು ಮಕ್ಕಳು, ನೀರು ಎಲ್ಲಿಂದ, ಎಲ್ಲ ಆದ ಮೇಲೆ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದಳು. ನಾನು ಹಿತ್ತಿಲ ಕಿಟಕಿಯ ಕೆಳಗೆ ಹೋಗಿ ನಿಂತೆ. ಗಂಡ ಎಂದಾದರೂ ಕೆನ್ನೆಗೆ ಹೊಡೆದಿದ್ದಾನೆಯೇ? ಕೈ ತಿರುವಿದ್ದಾನೆಯೇ, ಕೂದಲು ಹಿಡಿದು ಎಳೆದಿದ್ದಾನೆಯೇ? ಒದ್ದಿದ್ದಾನೆಯೇ? ಕುತ್ತಿಗೆ ಹಿಸುಕಿದ್ದಾನೆಯೇ? ಒಂದೊಂದಕ್ಕೂ ನೀನು ಇಲ್ಲ, ಇಲ್ಲ, ಇಲ್ಲ ಎನ್ನುತ್ತಾ ಹೋದಿ. ಅದರ ಹಿಂದಿನ ದಿನವೇ ಅಪ್ಪ ನಿನ್ನ ತಲೆಯನ್ನು ಕಪಾಟಿಗೆ ಬಡಿದಿದ್ದ. ಸೆರಗು ಹೊದ್ದುಕೊಂಡು ಕುಳಿತು ಇಲ್ಲ ಅಂದಿ.

ಅವತ್ತು ನಾನು ತಿಳಿದುಕೊಂಡದ್ದು ಇಷ್ಟೇ. ಹೊಡೆದರೆ ಏನೂ ಆಗುವುದಿಲ್ಲ. ಹೊಡೆಸಿಕೊಂಡವರೇ ಇಲ್ಲ ಅನ್ನುತ್ತಾರೆ.

ಚೇತನ


ರಾಣೆಬೆನ್ನೂರು
2 ಫೆಬ್ರುವರಿ 2026

ಚೇತನಾ,

ಆ ಹೆಂಗಸಿಗೆ ಕೊಡದ ಉತ್ತರವನ್ನು ಈಗ ನಿನಗೆ ಕೊಡುತ್ತಿದ್ದೇನೆ.

ಕೆನ್ನೆಗೆ: ಹೌದು. ಮದುವೆಯಾದ ಎಂಟನೆಯ ದಿನ ಶುರು. ಕೈ ತಿರುವಿದ್ದು, ಕೂದಲು ಹಿಡಿದದ್ದು: ಹೌದು, ಲೆಕ್ಕವಿಲ್ಲ. ಒದ್ದದ್ದು: ಹೌದು. ನೀನು ಏಳು ತಿಂಗಳಿನವನು, ಹೊಟ್ಟೆಯಲ್ಲಿದ್ದಿ. ಕುತ್ತಿಗೆ ಹಿಸುಕಿದ್ದು: ಒಂದು ಸಲ. ನೀನು ಶಾಲೆಯಿಂದ ಬೇಗ ಬಂದಿ, ಬಿಟ್ಟರು. ಸುಟ್ಟದ್ದು: ಇಲ್ಲ. ಚಾಕು ತೋರಿಸಿದ್ದು: ಇಲ್ಲ. ಅವತ್ತು ನಾನು ಹೇಳಿದ್ದರಲ್ಲಿ ಇವೆರಡೇ ನಿಜ.

ನೀನು ಕಿಟಕಿಯ ಕೆಳಗಿದ್ದಿ ಎಂದು ನನಗೆ ಗೊತ್ತಿತ್ತು. ನಿನ್ನ ಚಪ್ಪಲಿಯ ಸಪ್ಪಳ ಕೇಳಿಸಿತ್ತು. ಹೌದು ಎಂದರೆ ನಿನಗೆ ಅಪ್ಪ ಇಲ್ಲದಂತಾಗುತ್ತದೆ ಎಂದುಕೊಂಡೆ. ನಿನ್ನ ಅಪ್ಪ ತೀರಿಕೊಂಡ ಮೇಲೂ, ಎದೆನೋವಿನಿಂದ ಸತ್ತ ಒಳ್ಳೆಯ ಮನುಷ್ಯ ಎಂದೇ ಎಲ್ಲರಿಗೂ ಹೇಳಿದೆ.

ಇದನ್ನು ಬರೆದದ್ದು ನಿನ್ನನ್ನು ಬಿಡಿಸಲು ಅಲ್ಲ. ನಾನು ಹತ್ತೊಂಬತ್ತು ವರ್ಷ ಏಟು ತಿಂದೆ, ಯಾರನ್ನೂ ಕೊಲ್ಲಲಿಲ್ಲ. ಮೈಲೇಶ ನಿನ್ನ ಅಪ್ಪನೂ ಅಲ್ಲ, ನಾನೂ ಅಲ್ಲ. ಕೈ ನೋವನ್ನು ಬಚ್ಚಿಟ್ಟುಕೊಂಡು ದುಡಿಯಲು ಬಂದಿದ್ದ ಯಾರದೋ ಗಂಡ.

ಹದಿನಾರಕ್ಕೆ ಮುಸ್ತಾಕ್‌ನ ಸಾಕ್ಷಿ ಇದೆ. ಊರುಗೋಲು ಹಿಡಿದು ಬರುತ್ತಾನೆ. ದವಡೆ ಪೂರ್ತಿ ತೆರೆಯುವುದಿಲ್ಲ, ಆದರೂ ಹೇಳುತ್ತೇನೆ ಎಂದಿದ್ದಾನೆ. ನೀನು ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ. ಹೇಳಿ ಹೇಳಿಯೇ ಒಬ್ಬನ ಕಾಲು ಮುರಿಸಿದ್ದೇನೆ.

ಅವ್ವ


ರಾಣೆಬೆನ್ನೂರು
7 ಮೇ 2026

ಚೇತನಾ,

ಈಗ ಜನಗಣತಿಯ ಮನೆಪಟ್ಟಿ ನಡೆದಿದೆ. ನನಗೆ ನಮ್ಮ ಓಣಿಯೇ ಬಂತು. ಗೋಡೆ ಯಾವುದರದು, ಸೂರು ಯಾವುದರದು, ಸಾಮಾನ್ಯವಾಗಿ ಎಷ್ಟು ಜನ ಇರುತ್ತಾರೆ ಎಂದು ಕೇಳುತ್ತಾ ಹೋಗಿ ನಮ್ಮ ಬಾಗಿಲಿಗೆ ಬಂದೆ. ಒಂದು ಎಂದು ಬರೆದೆ. ನಿನ್ನನ್ನು ಅಲ್ಲಿಯೇ ಎಣಿಸುತ್ತಾರೆ, ಬರುವ ಫೆಬ್ರುವರಿಯಲ್ಲಿ. ಸರಿಯಾದ ವಯಸ್ಸು ಹೇಳು.

ಮಂಗಳವಾರ ಅರ್ಧ ದಿನದ ರಜೆ ಹಾಕಿ ಕೋರ್ಟಿಗೆ ಬಂದಿದ್ದೆ, ನೀನು ನೋಡಿದ್ದಿ. ವಕೀಲರು ಹೊರಗೆ ನನಗೆ ಹೇಳಿದ್ದರು, "ಜಡ್ಜ್ ಸಾಹೇಬ್ರು ಮುಸ್ತಾಕ್ ಮತ್ತ ಉಳದ ಸಾಕ್ಷಿ ಹೇಳಿದ್ದನ್ನ ಆರೋಪಿಗೆ ಒಂದೊಂದs ಕೇಳ್ತಾರ್ರಿ. ಎಲ್ಲಾದಕ್ಕೂ ಸುಳ್ಳು ಅನ್ಬೇಕು. ಎಲ್ಲಾರೂ ಹಂಗs ಅಂತಾರ." ಮೊದಲ ಪ್ರಶ್ನೆಗೆ ನೀನು ಖರೇ ಎಂದಾಗ ಅವರು ನಿನಗೆ ಕೇಳಿಸಿಲ್ಲವೇನೋ ಎಂದುಕೊಂಡರು. ಎರಡನೆಯದಕ್ಕೂ ಖರೇ ಎಂದಿ. ನಾಲ್ಕನೆಯದಕ್ಕೆ ಅವರು ಎದ್ದು ನಿಂತು, ನನ್ನ ಕಕ್ಷಿದಾರನಿಗೆ ಆರೋಗ್ಯ ಸರಿಯಿಲ್ಲ ಎಂದರು. ಜಡ್ಜು ನಿನ್ನನ್ನು ಕೇಳಿದರು, ನೀನು ಸರಿಯಿದೆ ಎಂದಿ. ಬಿದ್ದ ಮೇಲೂ ಹೊಡೆದಿಯಾ ಎಂದಾಗ ನಿನ್ನ ಧ್ವನಿ ಕೇಳಿಸಲಿಲ್ಲ, ಗಟ್ಟಿಯಾಗಿ ಹೇಳು ಎಂದರು. ನೀನು ಗಟ್ಟಿಯಾಗಿ ಹೇಳಿದಿ. ನನ್ನ ಮುಂದಿನ ಬೆಂಚಿನಲ್ಲಿದ್ದ ಉಚ್ಚಂಗೆವ್ವ ಎರಡೂ ಕಿವಿ ಮುಚ್ಚಿಕೊಂಡಳು. ಶೀಲಾ ಮುಚ್ಚಿಕೊಳ್ಳಲಿಲ್ಲ.

ಇಪ್ಪತ್ತೊಂದಕ್ಕೆ ತೀರ್ಪು. ಎಷ್ಟು ವರ್ಷ ಎಂದು ವಕೀಲರು ಹೇಳುತ್ತಿಲ್ಲ, ನಾನೂ ಕೇಳುತ್ತಿಲ್ಲ. ಎಷ್ಟಾದರೂ ತಿಂಗಳಿಗೆ ಎರಡು ಸಲ ಬರುತ್ತೇನೆ.

ನಿನ್ನ ವ್ಯಾನು ಹೋದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಬೇವಿನಮರದ ಕೆಳಗೆ ಬಸ್ಸಿನ ಹೊತ್ತು ನೋಡುತ್ತಾ ನಿಂತಿದ್ದೆ. ಗುಡ್ಡಪ್ಪ ಜನರ ನಡುವಿನಿಂದ ನೇರವಾಗಿ ನನ್ನ ಕಡೆಗೇ ಬಂದ. ಕೋಲಿನ ಹೊಡೆತವಾದ ಮೇಲೆ ಅವನನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು ಎಂದೂ ಅನಿಸಲಿಲ್ಲ. ಆದರೆ ನನ್ನ ಕೈ ತಾನಾಗಿಯೇ ಮೇಲೆದ್ದು ಮುಖಕ್ಕೆ ಅಡ್ಡ ಬಂತು. ಅಷ್ಟು ಜನರ ನಡುವೆ, ಹಾಡಹಗಲಿನಲ್ಲಿ, ಹೊಡೆತ ಬೀಳುವ ಮೊದಲೇ ಬಗ್ಗಿ ನಿಂತಿದ್ದೆ.

ಅವನು ಎರಡು ಮಾರು ದೂರದಲ್ಲೇ ನಿಂತುಬಿಟ್ಟ. ಏನು ಹೇಳಲು ಬಂದಿದ್ದನೋ ಅದನ್ನು ಹೇಳಲಿಲ್ಲ. ನನ್ನ ಕೈಯನ್ನೇ ನೋಡಿದ. ಆಮೇಲೆ ತನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಇಳಸ್ರಿ ಅಕ್ಕೋರ," ಎಂದ. "ಕೈ ಇಳಸ್ರಿ."

ಇಳಿಸುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು. ಅಲ್ಲಿಯವರೆಗೂ ಅವನು ಹಾಗೇ ನಿಂತಿದ್ದ.

ನಿನ್ನ ಅವ್ವ,
ಸುಧಾರಾಣಿ